ಬಜಪೆ ವಿಮಾನ ನಿಲ್ದಾಣದಲ್ಲಿ ಗಡಿನಾಡ ಕನ್ನಡಿಗ

ಕೇರಳದ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡಿಗರು ಇಂದಿಗೂ ಬಜಪೆ ಎಂದೇ ಕರೆಯುವ ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಕನ್ನಡ ಕಣ್ಣಿಗೆ ಕಾಣುವಷ್ಟು ಕಿವಿಗೆ ಕೇಳಿಸುವುದಿಲ್ಲ ಎಂಬ ಅಸಮಾಧಾನ ಗಡಿನಾಡಿನ ಮನೆಗಳಲ್ಲಿ ಹೊಸದಲ್ಲ. ಗ್ರಾಮ ಕಚೇರಿಯ ಅರ್ಜಿಯಲ್ಲಿ, ವಿದ್ಯುತ್ ಬಿಲ್ಲಿನಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ದಿನವಿಡೀ ಮಲಯಾಳದೊಡನೆ ಹೆಣಗುವ ಕನ್ನಡಿಗನು ಗಡಿಯ ತಲಪಾಡಿ ದಾಟಿದ ಕೂಡಲೇ ಅಂಗಡಿಯ ಫಲಕಗಳನ್ನು ತಡವರಿಸದೆ ಓದುತ್ತ ಹಗುರಾಗುತ್ತಾನೆ. ಆದರೆ ಆ ಹಗುರು ವಿಮಾನ ನಿಲ್ದಾಣದ ಬಾಗಿಲವರೆಗೆ ಮಾತ್ರ ಬಾಳುತ್ತದೆ, ಒಳಗೆ ಕಾಲಿಟ್ಟವನಿಗೆ ಹಿಂದಿ ಮತ್ತು ಇಂಗ್ಲಿಷು ಎದುರಾಗುತ್ತವೆ. ಆದ್ದರಿಂದ ಈ ನಿಲ್ದಾಣವನ್ನು ಬಳಸುವ ಗಡಿನಾಡಿಗರಿಗೆ ಒಂದು ಕೈಪಿಡಿ ಬರೆಯುವುದಾದರೆ, ಯಾವ ಸಾಲು ಎಲ್ಲಿದೆ ಎಂಬುದರ ಜೊತೆಗೆ ಯಾವ ಸಾಲಿನ ತುದಿಯಲ್ಲಿ ಯಾವ ಭಾಷೆ ಕಾದಿದೆ ಎಂಬುದನ್ನೂ ಅದರಲ್ಲಿ ಬರೆಯಬೇಕಾಗುತ್ತದೆ.

ಪ್ರಯಾಣದ ಮೊದಲ ಲೆಕ್ಕಾಚಾರ ರಸ್ತೆಯದು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಚೆಂಗಳದವರೆಗಿನ ಭಾಗ ಆರು ಪಥಗಳಾಗಿ ಅಗಲಗೊಂಡ ಮೇಲೆ ಕೇರಳದೊಳಗಿನ ಓಟ ಸರಾಗವಾಗಿದ್ದು, ಗಡಿ ದಾಟಿದ ಬಳಿಕ ನಂತೂರು, ಕೆಪಿಟಿ ವೃತ್ತಗಳಲ್ಲಿ ವಾಹನ ನಿಲ್ಲುತ್ತದೆ ಎಂಬುದು ಕನ್ನಡದ ಅಭಿಮಾನಿಯೂ ಬಾಯಿಬಿಟ್ಟು ಒಪ್ಪಬೇಕಾದ ಸತ್ಯ. ಕೆಪಿಟಿಯಿಂದ ಯೆಯ್ಯಾಡಿ, ಬೊಂದೆಲ್ ಹಾದು, ಮರವೂರಿನ ಸೇತುವೆಯಲ್ಲಿ ಫಲ್ಗುಣಿ ನದಿಯನ್ನು ದಾಟಿ ಕೆಂಜಾರಿನ ಗುಡ್ಡ ಏರಬೇಕು. ರೈಲಿನಲ್ಲಿ ಬಂದವರು ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದು ಇದೇ ದಾರಿಗೆ ಸೇರಬೇಕು, ಏಕೆಂದರೆ ನಿಲ್ದಾಣಕ್ಕೆ ರೈಲು ಸಂಪರ್ಕವಿಲ್ಲ. ವಿಮಾನ ಹೊರಡುವುದಕ್ಕೆ 60 ನಿಮಿಷ ಮೊದಲೇ ಚೆಕ್-ಇನ್ ಕೌಂಟರ್, ಎಂದರೆ ಲಗೇಜು ಒಪ್ಪಿಸಿ ಬೋರ್ಡಿಂಗ್ ಪಾಸ್ ಪಡೆಯುವ ಜಾಗ, ಮುಚ್ಚುವುದು ವಾಡಿಕೆಯಾದ್ದರಿಂದ ಮಳೆಗಾಲದಲ್ಲಿ ಈ ದಾರಿಗೆ ಉದಾರವಾಗಿ ಸಮಯ ಮೀಸಲಿಡುವುದೇ ಕ್ಷೇಮ. ಕಾಸರಗೋಡಿನವರಿಗೆ 2018ರ ಡಿಸೆಂಬರ್ 9ರಿಂದ ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣವೂ ತೆರೆದಿದೆ. ಆದರೆ ಅದು ಹೆಚ್ಚುಕಡಿಮೆ ಇಮ್ಮಡಿ ದೂರ, ಮತ್ತು ಮಂಜೇಶ್ವರ, ಕುಂಬಳೆ, ಬದಿಯಡ್ಕದ ಜನರ ಆಸ್ಪತ್ರೆ, ಕಾಲೇಜು, ಜವಳಿ, ಮದುವೆ ಮಂಟಪಗಳೆಲ್ಲ ಮಂಗಳೂರಿನ ಕಡೆಗೇ ಇರುವುದರಿಂದ ವಿಮಾನಕ್ಕೂ ಅವರ ಕಾಲು ಉತ್ತರಕ್ಕೇ ತಿರುಗುತ್ತದೆ.

ಈ ನಿಲ್ದಾಣದ ಬೆಳವಣಿಗೆಯೂ ಕರಾವಳಿಯ ಜನರ ಛಲದ ಫಲ. ಪಣಂಬೂರಿನ ಬಂದರಿಗೂ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿಗೂ ದುಡಿದ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನ ಇದರ ಹಿಂದೆಯೂ ಇತ್ತು. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಇಲ್ಲಿ ಬಂದಿಳಿದರು. 2006ರಲ್ಲಿ 2,450 ಮೀಟರ್ ಉದ್ದದ ಎರಡನೆಯ ರನ್‌ವೇ ಬಳಕೆಗೆ ಬಂದು, ಅದೇ ವರ್ಷ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಮುಂಬೈಗೋ ಕೋಯಿಕ್ಕೋಡಿಗೋ ಹೋಗಿ ಗಲ್ಫ್ ವಿಮಾನ ಹಿಡಿಯುವ ಪಾಡು ಕಾಸರಗೋಡಿನವರಿಗೆ ತಪ್ಪಿತು. 2010ರಲ್ಲಿ ತೆರೆದ ಹೊಸ ಟರ್ಮಿನಲ್, ಎಂದರೆ ಪ್ರಯಾಣಿಕರ ಕಟ್ಟಡ, ಕೆಂಜಾರಿನ ಬದಿಗಿದೆ. ಹಳೆಯದು ಬಜಪೆಯ ಬದಿಯಲ್ಲಿತ್ತು. ಬಹುಕಾಲದ ನಂತರ ಬರುವ ಹಿರಿಯರು ಚಾಲಕನಿಗೆ ಬಜಪೆ ಎಂದು ಹೇಳಿದರೂ ಕಳವಳಪಡಬೇಕಾಗಿಲ್ಲ, ಏಕೆಂದರೆ ಊರಿನ ಚಾಲಕರೆಲ್ಲರೂ ಅದನ್ನು ಸರಿಯಾಗಿಯೇ ಗ್ರಹಿಸುತ್ತಾರೆ, ತುಳುವಿನಲ್ಲಿ ಕ್ಷೇಮಸಮಾಚಾರವನ್ನೂ ಕೇಳುತ್ತಾರೆ.

ಮನೆಯಿಂದ ಹೊರಡುವ ಮೊದಲೇ ನೋಡಿಕೊಳ್ಳಬೇಕಾದದ್ದು ಪಾಸ್‌ಪೋರ್ಟಿನ ಹೆಸರು. ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಒಂದಕ್ಷರಕ್ಕೆ ಇಳಿಸಿ ಬರೆಯುವ ಶಾಲಾ ದಾಖಲೆಯ ಪದ್ಧತಿಯಿಂದಾಗಿ ಈ ಭಾಗದ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಒಂದೇ ಹೆಸರು ಇರುತ್ತದೆ. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಿಂದ ಒಂದೇ ಹೆಸರಿನ ಸಂದರ್ಶಕರಿಗೆ ಪ್ರವೇಶ ಬಿಗಿಗೊಳಿಸಿರುವುದರಿಂದ ಅಂಥವರು ಟಿಕೆಟಿಗೆ ಮುನ್ನವೇ ವಿಚಾರಿಸಬೇಕು. ಹತ್ತನೆಯ ತರಗತಿ ದಾಟದವರು ಗಲ್ಫ್ ದೇಶಗಳಿಗೆ ದುಡಿಯಲು ಹೋಗುವಾಗ ಇಸಿಆರ್ ಎಂಬ ಗುರುತು, ಅಂದರೆ ವಲಸೆಗೆ ಸರ್ಕಾರದ ಅನುಮತಿ ಬೇಕೆಂಬ ಸೂಚನೆ, ತಮ್ಮ ಪಾಸ್‌ಪೋರ್ಟಿನಲ್ಲಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಲಗೇಜಿನ ಚೀಟಿಯಲ್ಲಿ ಮಂಗಳೂರಿನ ಸಂಕೇತ ಐಎಕ್ಸ್ಇ ಎಂದೂ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಗಳ ಸಂಕೇತ ಐಎಕ್ಸ್ ಎಂದೂ ಇರುವುದರಿಂದ ಹೊಸಬರು ಒಂದನ್ನು ಇನ್ನೊಂದೆಂದು ಓದಿ ಗಾಬರಿಯಾಗುವುದುಂಟು.

ಭಾಷೆಯ ಪ್ರಶ್ನೆ ನಿಜವಾಗಿ ಎದ್ದು ನಿಲ್ಲುವುದು ಭದ್ರತಾ ತಪಾಸಣೆಯಲ್ಲಿ. ಗಡಿನಾಡಿನ ತಾಯಂದಿರು ಗಲ್ಫಿನ ಮಕ್ಕಳ ಮನೆಗೆ ಹೊರಟಾಗ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ತೆಂಗಿನೆಣ್ಣೆ, ಕೊಬ್ಬರಿ ಕಟ್ಟಿಕೊಳ್ಳುವುದು ವಾಡಿಕೆ. ಇವುಗಳಲ್ಲಿ ಕೊಬ್ಬರಿ, ಅದರಲ್ಲಿರುವ ಎಣ್ಣೆಯಿಂದಾಗಿ, ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ ಸರಕುಗಳ ಗುಂಪಿಗೆ ಸೇರಿದ್ದು, ಪ್ರಯಾಣಿಕರ ಲಗೇಜಿನಲ್ಲಿ ಅದನ್ನು ಒಪ್ಪುವುದಿಲ್ಲ; ಅಂತಾರಾಷ್ಟ್ರೀಯ ಪ್ರಯಾಣದ ಕೈಚೀಲದಲ್ಲಿ ಎಣ್ಣೆಯಂಥ ದ್ರವಕ್ಕೆ 100 ಮಿಲಿಲೀಟರಿನ ಮಿತಿ ಇದೆ; ಪವರ್ ಬ್ಯಾಂಕ್ ಮಾತ್ರ ಇದಕ್ಕೆ ವಿರುದ್ಧವಾಗಿ ಕೈಚೀಲದಲ್ಲೇ ಇರಬೇಕು. ಇಡೀ ತೆಂಗಿನಕಾಯಿಗೂ ಕೈಚೀಲದಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ, ಆದರೆ ಶಬರಿಮಲೆ ಯಾತ್ರೆಯ ತಿಂಗಳುಗಳಲ್ಲಿ ಇರುಮುಡಿ ಗಂಟಿನ ಕಾಯಿಗೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಈಚಿನ ವರ್ಷಗಳಲ್ಲಿ ವಿನಾಯಿತಿ ಕೊಟ್ಟದ್ದುಂಟು. ಇಷ್ಟು ಸೂಕ್ಷ್ಮವಾದ ನಿಯಮವನ್ನು ಎಪ್ಪತ್ತರ ಪ್ರಾಯದ ಹೆಂಗಸಿಗೆ ಆಕೆ ಅರಿಯದ ಭಾಷೆಯಲ್ಲಿ ಎರಡು ಮಾತಿನಲ್ಲಿ ಹೇಳಿ, ಚೀಲ ಬಿಚ್ಚಿಸಿ, ಕಟ್ಟಿಕೊಟ್ಟದ್ದನ್ನು ಬುಟ್ಟಿಗೆ ಹಾಕಿಸಿದರೆ ಆಕೆಗೆ ನಿಯಮ ಕಾಣುವುದಿಲ್ಲ, ಅವಮಾನ ಕಾಣುತ್ತದೆ. ಕೊಬ್ಬರಿಗೆ ಬೆಂಕಿ ಹಿಡಿಯುವ ಸಂಗತಿಯನ್ನು ಕನ್ನಡದಲ್ಲಿ ಹೇಳಿದ್ದರೆ ತೆಂಗಿನ ನಾಡಿನಲ್ಲೇ ಹುಟ್ಟಿ ಬೆಳೆದ ಆಕೆ ತಕ್ಷಣ ತಲೆದೂಗುತ್ತಿದ್ದಳು. ರಾಶಿ ಹಾಕಿದ ಕೊಬ್ಬರಿ ಕಾವೇರುವುದನ್ನು ಆಕೆಗೆ ಯಾರೂ ಕಲಿಸಬೇಕಾಗಿಲ್ಲ.

ಇದರಲ್ಲಿ ಜವಾನರನ್ನು ದೂಷಿಸುವುದು ನ್ಯಾಯವಲ್ಲ. ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿಐಎಸ್‌ಎಫ್, 1999ರ ಕೊನೆಯಲ್ಲಿ ನಡೆದ ವಿಮಾನ ಅಪಹರಣದ ನಂತರ, 2000ದಲ್ಲಿ ಜೈಪುರದಿಂದ ತೊಡಗಿ ದೇಶದ ವಿಮಾನ ನಿಲ್ದಾಣಗಳ ಕಾವಲನ್ನು ವಹಿಸಿಕೊಂಡಿತು. ಅದರ ಸಿಬ್ಬಂದಿ ದೇಶದ ಎಲ್ಲ ಮೂಲೆಗಳಿಂದ ಬಂದು ಕೆಲವು ವರ್ಷ ದುಡಿದು ಮತ್ತೊಂದು ಕಡೆಗೆ ವರ್ಗವಾಗುವವರು. ರಾತ್ರಿಯೆಲ್ಲ ನಿಂತು ದುಡಿಯುವ ಬಿಹಾರದ ಅಥವಾ ರಾಜಸ್ಥಾನದ ಯುವಕನಿಗೆ ತನ್ನ ಭಾಷೆ ಬಿಟ್ಟರೆ ಇನ್ನೊಂದು ಬಾರದಿರುವುದು ಅವನ ತಪ್ಪಲ್ಲ. ಬೆಲ್ಟು ತೆಗೆಯಿರಿ, ಚೀಲದಲ್ಲಿ ಎಣ್ಣೆ ಇದೆಯೇ, ಇದನ್ನು ಒಯ್ಯುವಂತಿಲ್ಲ, ಅತ್ತ ಹೋಗಿ ಎಂಬಷ್ಟು ಕನ್ನಡವನ್ನು ಅವನಿಗೆ ಕಲಿಸದೆ ಕಾವಲಿಗೆ ನಿಲ್ಲಿಸುವ ವ್ಯವಸ್ಥೆಯದೇ ತಪ್ಪು, ಮತ್ತು ಅದನ್ನು ಸರಿಪಡಿಸಲು ಕೆಲವೇ ವಾರಗಳ ಪಾಠ ಸಾಕು.

ಇಂಥ ಹೊತ್ತಿನಲ್ಲಿ ಗಡಿನಾಡ ಕನ್ನಡಿಗನ ನೆರವಿಗೆ ಬರುವವರು ಅನೇಕ ಸಲ ಅವನ ಜೊತೆಗೇ ತಲಪಾಡಿ ದಾಟಿ ಬಂದ ಮಲಯಾಳಿಗಳೇ ಎಂಬುದನ್ನು ಕೃತಜ್ಞತೆಯಿಂದ ಬರೆಯಬೇಕು. ಉಪ್ಪಳದ, ಕುಂಬಳೆಯ, ಚೆಮ್ನಾಡಿನ ಗಲ್ಫ್ ಯುವಕರು ಮನೆಯಲ್ಲಿ ಮಲಯಾಳವನ್ನೋ ಬ್ಯಾರಿಯನ್ನೋ ಆಡುವವರಾದರೂ, ಸಪ್ತಭಾಷಾ ಸಂಗಮಭೂಮಿ ಎಂದು ಹೆಸರಾದ ಜಿಲ್ಲೆಯಲ್ಲಿ ಬೆಳೆದುದರಿಂದ ತುಳುವಿಗೂ ಕನ್ನಡಕ್ಕೂ ಹಿಂದಿಗೂ ಹೊಂದಿಕೊಳ್ಳಬಲ್ಲರು. ಸಾಲಿನಲ್ಲಿ ಕಂಗಾಲಾದ ಅಜ್ಜಿಯನ್ನು ಕಂಡರೆ ‘ಅಮ್ಮಾ, ಹೆದರಬೇಡಿ, ಚೀಲ ಈ ಟ್ರೇಯಲ್ಲಿ ಇಡಿ’ ಎಂದು ಕನ್ನಡದಲ್ಲಿ ಹೇಳಿ, ಜವಾನನಿಗೆ ಹಿಂದಿಯಲ್ಲಿ ಉತ್ತರಿಸಿ, ಆಕೆಯನ್ನು ಗೇಟಿನವರೆಗೂ ಕರೆದೊಯ್ಯುವರು. ಊರಿನ ಕಚೇರಿಯಲ್ಲಿ ಮಲಯಾಳದ ಅರ್ಜಿಗಾಗಿ ಹಟ ಹಿಡಿಯುವ ಅದೇ ನೆರೆಹೊರೆಯ ಜನ ಇಲ್ಲಿ ಕನ್ನಡದ ಆಸರೆಯಾಗುವುದನ್ನು ಕಂಡಾಗ, ಗಡಿಯ ವೈಮನಸ್ಸು ಕಡತಗಳಲ್ಲಿರುವಷ್ಟು ಮನುಷ್ಯರಲ್ಲಿ ಇಲ್ಲ ಎಂದು ಮನವರಿಕೆಯಾಗುತ್ತದೆ. ಮಲಯಾಳಿಗಳಿಂದ ಕಲಿಯಬೇಕಾದ ಗುಣವೂ ಒಂದಿದೆ: ಗೇಟು ಬದಲಾದರೆ, ವಿಮಾನ ತಡವಾದರೆ ಅವರು ಗುಂಪಾಗಿ ಕೌಂಟರಿಗೆ ಹೋಗಿ, ತಮ್ಮ ಭಾಷೆಯಲ್ಲೇ ಗಟ್ಟಿಯಾಗಿ ಕೇಳಿ, ಉತ್ತರ ಬರುವವರೆಗೆ ಕದಲುವುದಿಲ್ಲ. ಕನ್ನಡಿಗನಾದರೋ ಸಂಕೋಚದಿಂದ ಕುರ್ಚಿಯಲ್ಲೇ ಕುಳಿತು, ಯಾರಾದರೂ ಎದ್ದರೆ ತಾನೂ ಏಳಲು ಕಾಯುತ್ತಾನೆ. ಈ ಸಂಕೋಚವನ್ನು ಸೌಜನ್ಯವೆಂದು ಹೊಗಳಿಕೊಂಡದ್ದು ಸಾಕು. ಅದರಿಂದ ಕನ್ನಡ ಕೇಳುವವರೇ ಇಲ್ಲ ಎಂಬ ನೆಪ ಇತರರಿಗೆ ಸಿಗುತ್ತದೆ.

ಧ್ವನಿವರ್ಧಕದ ಪ್ರಕಟಣೆಗಳು ಮೊದಲು ಸ್ಥಳೀಯ ಭಾಷೆಯಲ್ಲಿ, ಆಮೇಲೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರಬೇಕೆಂದು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು 2018ರ ಡಿಸೆಂಬರಿನಲ್ಲಿ ಸೂಚಿಸಿತ್ತು. ಪ್ರಕಟಣೆಯನ್ನೇ ಮಾಡದ ‘ಮೌನ ನಿಲ್ದಾಣ’ಗಳನ್ನು ಅದರಿಂದ ಹೊರಗಿಡಲಾಯಿತು. ಇದು ಸ್ವಾಗತಾರ್ಹವಾದರೂ ಅದರ ವ್ಯಾಪ್ತಿ ಧ್ವನಿವರ್ಧಕದಷ್ಟೇ. ಪ್ರಯಾಣಿಕನ ಸಂಕಟ ಇರುವುದು ಅವನ ಪ್ರಶ್ನೆಗೆ ಮನುಷ್ಯರೊಬ್ಬರು ಉತ್ತರಿಸಬೇಕಾದ ಜಾಗಗಳಲ್ಲಿ.

ವಿಮಾನದೊಳಗೆ ಈ ಸಂಗತಿ ಇನ್ನೂ ಗಂಭೀರವಾಗುತ್ತದೆ. ಸುರಕ್ಷತೆಯ ಸೂಚನೆಗಳು ರೂಢಿಯಂತೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರುತ್ತವೆ. ತುರ್ತು ನಿರ್ಗಮನದ ಬಾಗಿಲ ಪಕ್ಕದ ಆಸನದಲ್ಲಿ ಕುಳಿತವರು ಸಿಬ್ಬಂದಿಯ ಸೂಚನೆಯನ್ನು ಅರ್ಥಮಾಡಿಕೊಳ್ಳಬಲ್ಲವರೇ ಆಗಿರಬೇಕೆಂಬ ನಿಯಮವಿರುವುದರಿಂದ, ಅರ್ಥವಾಗದಿದ್ದರೆ ಅದನ್ನು ಹೇಳಿ ಆಸನ ಬದಲಿಸಿಕೊಳ್ಳುವುದು ಪ್ರಯಾಣಿಕನ ಕರ್ತವ್ಯವೂ ಹೌದು. ಮಂಗಳೂರಿನ ರನ್‌ವೇ ‘ಟೇಬಲ್‌ಟಾಪ್’ ಬಗೆಯದು, ಎಂದರೆ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು, ತುದಿಯಾಚೆ ಇಳಿಜಾರು ಇರುವಂಥದ್ದು. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನವೊಂದು ಈ ರನ್‌ವೇ ಮೀರಿ ಕೆಳಕ್ಕುರುಳಿ 158 ಮಂದಿ ಮಡಿದರು, ಎಂಟು ಮಂದಿ ಮಾತ್ರ ಬದುಕುಳಿದರು. ದಕ್ಷಿಣ ಕನ್ನಡ, ಉಡುಪಿಯ ಮನೆಗಳೊಡನೆ ಕಾಸರಗೋಡಿನ ಮನೆಗಳೂ ಆ ದಿನ ತಮ್ಮವರನ್ನು ಕಳೆದುಕೊಂಡವು. ತನಿಖೆ ಕಂಡ ಕಾರಣ ವಿಮಾನವನ್ನು ಇಳಿಸಿದ ಕ್ರಮದ ತಪ್ಪಾಗಿದ್ದು ಭಾಷೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಅಂಥ ದುಃಖ ಕಂಡ ಊರಿನ ವಿಮಾನದಲ್ಲಿ, ಸೀಟ್ ಬೆಲ್ಟ್ ಬಿಚ್ಚಿ ಬಾಗಿಲಿನ ಕಡೆಗೆ ಸಾಗುವ ಸೂಚನೆಯನ್ನು ಊರಿನ ಜನರ ಭಾಷೆಯಲ್ಲಿ ಒಮ್ಮೆ ಹೇಳುವುದಕ್ಕೆ ಎರಡು ನಿಮಿಷ ಹೆಚ್ಚೆಂದು ಯಾರೂ ಭಾವಿಸಬಾರದು.

ಮಳೆಗಾಲದಲ್ಲಿ ಮೋಡ ಗುಡ್ಡಕ್ಕೆ ಕವಿದು ಇಳಿಯಲಾಗದೆ ವಿಮಾನಗಳನ್ನು ಬೆಂಗಳೂರಿಗೋ ಕೇರಳದ ನಿಲ್ದಾಣಗಳಿಗೋ ತಿರುಗಿಸುವುದುಂಟು. ಕಣ್ಣೂರಿಗೆ ತಿರುಗಿಸಿದರೆ ಕಾಸರಗೋಡಿನವನ ಮನೆ ಆ ನಿಲ್ದಾಣಕ್ಕೂ ಮಂಗಳೂರಿಗೂ ನಡುವೆ ಬೀಳುತ್ತದೆ. ಅಲ್ಲೇ ಇಳಿಯಬಹುದೇ ಎಂಬುದು ವಿಮಾನ ಸಂಸ್ಥೆಯ, ವಿದೇಶದಿಂದ ಬಂದಿದ್ದರೆ ವಲಸೆ ಅಧಿಕಾರಿಗಳ, ತೀರ್ಮಾನವಾದ್ದರಿಂದ ಸುಮ್ಮನೆ ಎದ್ದು ಹೊರಡದೆ ಕೇಳಿ ತಿಳಿಯಬೇಕು. ಮಲಯಾಳ ಬಲ್ಲ ಗಡಿನಾಡಿಗನಿಗೆ ಅಲ್ಲಿ ಮಾತಿನ ತೊಡಕಿಲ್ಲ ಎಂಬುದು ಸಮಾಧಾನದ ಸಂಗತಿಯೇ, ಆದರೆ ಕನ್ನಡನಾಡಿನ ನಿಲ್ದಾಣಕ್ಕಿಂತ ಕೇರಳದ ನಿಲ್ದಾಣದಲ್ಲಿ ಅವನಿಗೆ ಮಾತು ಸುಲಭವಾಗುವುದು ಕರ್ನಾಟಕದವರು ಯೋಚಿಸಬೇಕಾದ ವಿಷಯ.

ಭದ್ರತಾ ತಪಾಸಣೆಯಲ್ಲಿ, ಗೇಟಿನಲ್ಲಿ ಮತ್ತು ವಿಮಾನದೊಳಗೆ ಪ್ರತಿ ಪಾಳಿಯಲ್ಲೂ ಕನ್ನಡ ಬಲ್ಲ ಒಬ್ಬರಾದರೂ ಇರುವಂತೆ ಸಂಬಂಧಪಟ್ಟವರು ನೋಡಿಕೊಳ್ಳಬೇಕು. ಅದು ಆಗುವವರೆಗೆ ಗಡಿನಾಡಿನ ಪ್ರಯಾಣಿಕರು ಮೊದಲ ಮಾತನ್ನು ಕನ್ನಡದಲ್ಲೇ ಆಡಬೇಕು, ಉತ್ತರ ಬಾರದಿದ್ದರೆ ಕನ್ನಡ ಬಲ್ಲ ಸಿಬ್ಬಂದಿಯನ್ನು ಕರೆಸಿರೆಂದು ಸಾವಧಾನವಾಗಿ ಕೇಳಬೇಕು, ಆಗಲೂ ಫಲ ಸಿಗದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ದೂರು ವ್ಯವಸ್ಥೆಯಲ್ಲಿ ದಿನಾಂಕ, ವಿಮಾನದ ಸಂಖ್ಯೆ ಸಹಿತ ದಾಖಲಿಸಬೇಕು.