ಬೆಳಕಿನಲ್ಲಿಟ್ಟ ಎಡೆ

ಅಡುಗೆ ಮಾಡುವವರು, ಬಡಿಸುವವರು, ಉಣ್ಣುವವರು ಎಂದು ಅನ್ನದ ಸುತ್ತ ಮೂವರು ಇರುವುದು ಎಲ್ಲರಿಗೂ ತಿಳಿದ ಸಂಗತಿ. ಇವರ ನಡುವೆ ನಾಲ್ಕನೆಯವರೊಬ್ಬರು ನಿಂತಿರುತ್ತಾರೆಂಬುದು ಬಹಳ ಮಂದಿಯ ಗಮನಕ್ಕೆ ಬಂದಿರಲಾರದು. ಹಿಟ್ಟಿನ ಚೀಲದ ಮೇಲೆ, ಉಪ್ಪಿನಕಾಯಿಯ ಬಾಟಲಿಯ ಮೇಲೆ, ಖಾನಾವಳಿಯ ಫಲಕದ ಮೇಲೆ, ಪಾಕಪುಸ್ತಕದ ಹಾಳೆಗಳ ಮೇಲೆ ಬಾಯಲ್ಲಿ ನೀರೂರಿಸುವ ಚಿತ್ರಗಳನ್ನು ಕಾಣುತ್ತೇವಷ್ಟೆ. ಅವನ್ನು ತೆಗೆಯುವವರೇ ಆ ನಾಲ್ಕನೆಯವರು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಬ್ಬಳ್ಳಿಯಲ್ಲಿ ನೆಲೆಸಿ ನಾವು ದಂಪತಿಗಳು ನಡೆಸಿಕೊಂಡು ಬಂದಿರುವ ಕಾಯಕವಿದು. ನಮ್ಮಲ್ಲಿ ಒಬ್ಬರ ಕೈಯಲ್ಲಿ ಕ್ಯಾಮೆರಾ, ಇನ್ನೊಬ್ಬರ ಕೈಯಲ್ಲಿ ಸೌಟು. ಚಿತ್ರದ ಕೆಳಗೆ ಹೆಸರು ಅಚ್ಚಾಗುವುದು ಅಪರೂಪ. ಆದರೆ ಇಬ್ಬರದೂ ಆಗಲಿ ಎಂಬುದು ನಮ್ಮೊಳಗಿನ ಕರಾರು.

ಆಹಾರದ ಚಿತ್ರ ತೆಗೆಯುವುದು ಇತ್ತೀಚಿನ ಷೋಕಿಯೆಂದು ಕೆಲವರು ಭಾವಿಸುವುದುಂಟು. ವಾಸ್ತವದಲ್ಲಿ ಛಾಯಾಚಿತ್ರಣದಷ್ಟೇ ಹಳೆಯದು ಈ ಹವ್ಯಾಸ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1844ರಿಂದ 1846ರವರೆಗೆ ಕಂತುಗಳಲ್ಲಿ ಹೊರತಂದ 'ದಿ ಪೆನ್ಸಿಲ್ ಆಫ್ ನೇಚರ್' ಎಂಬ ಗ್ರಂಥ ಛಾಯಾಚಿತ್ರಗಳುಳ್ಳ ಮೊದಮೊದಲ ಪುಸ್ತಕಗಳಲ್ಲೊಂದು. ಅದರಲ್ಲಿಯೂ ಹಣ್ಣು ತುಂಬಿದ ಬುಟ್ಟಿಗಳ ಚಿತ್ರವೊಂದಿದೆ. ಬೆಳಕನ್ನು ಕಾಗದದ ಮೇಲೆ ಹಿಡಿಯಲು ಕಲಿತ ಕೂಡಲೇ ಮನುಷ್ಯನ ಕಣ್ಣು ತಿನ್ನುವ ಪದಾರ್ಥದ ಕಡೆಗೆ ಹೊರಳಿತೆಂಬುದು ಎಷ್ಟು ಸಹಜ!

ನಾವು ಈ ವೃತ್ತಿಗೆ ಇಳಿದಾಗ ಎಲ್ಲವೂ ಫಿಲ್ಮಿನ ಮೇಲೆಯೇ ನಡೆಯುತ್ತಿತ್ತು. ಅಚ್ಚಿನ ಮನೆಯವರು ಕೇಳುತ್ತಿದ್ದುದು ಬಣ್ಣದ ಟ್ರಾನ್ಸ್‌ಪರೆನ್ಸಿಯನ್ನು. ಒಂದು ರೋಲಿನಲ್ಲಿ ಹನ್ನೆರಡು ಚೌಕಗಳು ಮಾತ್ರ. ಬೆಳಕಿನ ಅಳತೆಯಲ್ಲಿ ಅರ್ಧ ಸ್ಟಾಪಿನಷ್ಟು ಹೆಚ್ಚುಕಡಿಮೆಯಾದರೂ ಅನ್ನ ಸುಣ್ಣವಾಗುವುದು, ಇಲ್ಲವೇ ಸಾರು ಕೆಸರಾಗುವುದು. ರೋಲನ್ನು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ಲ್ಯಾಬಿಗೆ ಕಳುಹಿಸಿ, ಮೂರು ನಾಲ್ಕು ದಿನ ಕಾದು, ಮರಳಿ ಬಂದ ಪಟ್ಟಿಯನ್ನು ಕಿಟಕಿಗೆ ಹಿಡಿದು ನೋಡುವಾಗ ಪರೀಕ್ಷೆಯ ಫಲಿತಾಂಶ ಕಾಯುವ ಮಕ್ಕಳಂತೆ ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಡಿಜಿಟಲ್ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಕ್ಷಣಾರ್ಧದಲ್ಲಿ ಚಿತ್ರ ಕಾಣುತ್ತದೆ. ಕಾಯುವ ಸಂಕಟ ಹೋಯಿತು. ಆದರೆ ಒಂದೊಂದು ಚೌಕಕ್ಕೂ ಹತ್ತು ಬಾರಿ ಯೋಚಿಸುವಂತೆ ಆ ಸಂಕಟ ಕಲಿಸಿದ ಶಿಸ್ತು ಇಂದಿಗೂ ನಮ್ಮನ್ನು ಕಾಪಾಡುತ್ತಿದೆ.

ಒಲೆಯ ಮೇಲಿನ ಅಡುಗೆ ಬೆಂಕಿಯದಾದರೆ ನಮ್ಮ ಅಡುಗೆ ಬೆಳಕಿನದು. ಎದುರಿನಿಂದ ಫ್ಲ್ಯಾಷ್ ಹೊಡೆದರೆ ಯಾವ ಪದಾರ್ಥವೂ ಚಪ್ಪಟೆಯಾಗಿ ಸತ್ತಂತೆ ತೋರುತ್ತದೆ. ಪಕ್ಕದಿಂದಲೋ ತುಸು ಹಿಂದಿನಿಂದಲೋ ಬೆಳಕು ಬಿದ್ದಾಗ ರೊಟ್ಟಿಯ ಮೇಲಿನ ಕಪ್ಪು ಚುಕ್ಕೆ, ಶೇಂಗಾ ಚಟ್ನಿಪುಡಿಯ ತರಿ, ಎಣ್ಣೆಗಾಯಿಯ ಮಿರುಗು ಎದ್ದು ಬರುತ್ತವೆ. ಹಬೆಯನ್ನು ಚಿತ್ರದಲ್ಲಿ ಹಿಡಿಯಬೇಕಾದರೆ ಹಿಂದೆ ಕಡುಬಣ್ಣದ ಬಟ್ಟೆಯಿರಬೇಕು, ಬೆಳಕೂ ಹಿಂಬದಿಯಿಂದಲೇ ಬರಬೇಕು. ಹಗಲಿನ ಬೆಳಕಿಗೂ ಮನೆಯ ಹಳದಿ ದೀಪಕ್ಕೂ ಬಣ್ಣದಲ್ಲಿ ಅಂತರವಿದೆ. ಮೊದಲನೆಯದನ್ನು ಸುಮಾರು 5500 ಕೆಲ್ವಿನ್ ಎಂದೂ ಸ್ಟುಡಿಯೋದ ಟಂಗ್‌ಸ್ಟನ್ ದೀಪವನ್ನು 3200 ಕೆಲ್ವಿನ್ ಎಂದೂ ಎಣಿಸುತ್ತಾರೆ. ಎರಡನ್ನೂ ಬೆರೆಸಿದರೆ ಬಿಳಿ ಅನ್ನದ ಒಂದು ಮಗ್ಗುಲು ಕಾಮಾಲೆ ಹಿಡಿದಂತೆ ಕಾಣುವುದು. ನಮ್ಮ ಅತ್ಯಂತ ನೆಚ್ಚಿನ ಸಲಕರಣೆಯೆಂದರೆ ಪೂರ್ವದ ಕಿಟಕಿ ಮತ್ತು ಅದರೆದುರು ನಿಲ್ಲಿಸುವ ಒಂದು ಬಿಳಿಯ ಥರ್ಮಾಕೋಲ್ ಹಲಗೆ.

ಅನ್ನದ ಚಿತ್ರಕ್ಕೆ ಆಯುಷ್ಯ ಕಡಿಮೆ. ದೋಸೆಯ ಗರಿಗರಿ ಕೆಲವೇ ನಿಮಿಷ, ಉಬ್ಬಿದ ರೊಟ್ಟಿ ಕೆಲವೇ ಕ್ಷಣ. ಕೊತ್ತಂಬರಿ ಸೊಪ್ಪು ದೀಪದ ಶಾಖಕ್ಕೆ ಕಣ್ಣೆದುರಿನಲ್ಲೇ ತಲೆಬಾಗುತ್ತದೆ. ಆದುದರಿಂದ ಮೊದಲು ಒಂದು ಬದಲಿ ತಟ್ಟೆಯನ್ನಿಟ್ಟು ಬೆಳಕು, ಕೋನ, ನೆರಳುಗಳನ್ನೆಲ್ಲ ಹೊಂದಿಸಿಕೊಂಡು, ಸಿದ್ಧವಾದ ಮೇಲೆ 'ಹೀರೋ' ತಟ್ಟೆಯನ್ನು ತರುವುದು ಈ ವೃತ್ತಿಯ ರೂಢಿ. ಆ ಹೀರೋವನ್ನು ಹುಡುಕುವುದಕ್ಕಾಗಿ ನಸುಕಿನ ಐದು ಗಂಟೆಗೆ ಕಾಯಿಪಲ್ಯದ ಮಾರುಕಟ್ಟೆಗೆ ಹೋಗಬೇಕು. ಒಂದೇ ಗಾತ್ರದ, ತೊಟ್ಟು ಮುರಿಯದ ಹನ್ನೆರಡು ಬದನೆಕಾಯಿಗಾಗಿ ಒಮ್ಮೆ ಇಡೀ ಬುಟ್ಟಿಯನ್ನು ಜಾಲಾಡುತ್ತಿದ್ದಾಗ ಮಾರುವಾಕೆ ತಡೆಯಲಾರದೆ ಕೇಳಿದಳು: "ಅಕ್ಕಾರ, ಬದನೀಕಾಯಿ ಒಯ್ಯಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ?" ಸುತ್ತಲಿನವರೆಲ್ಲ ನಕ್ಕರು, ನಾವೂ ನಕ್ಕೆವು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದದ್ದೂ ಹೀಗೆಯೇ ನೆನಪಿನಲ್ಲಿ ಉಳಿದಿದೆ. 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು; ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಬಗೆ. ಅದರ ಸುಕ್ಕುಗಳ ಮೇಲೆ ಇಳಿಬಿಸಿಲು ಬಿದ್ದಾಗ ಕಾಣುವ ಕೆಂಪು ಯಾವ ರೇಷ್ಮೆಗೂ ಇಲ್ಲ. ಖಾರ ಕಡಿಮೆಯೆಂಬ ಮಾತನ್ನು ನಂಬಿ ರಾಶಿಗಳ ನಡುವೆ ನಡೆದ ನಾವು ಮಾತ್ರ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಚಿತ್ರ ತೆಗೆದೆವು.

ಇಷ್ಟು ಹೊತ್ತು ಹೇಳಿದ್ದು ವೃತ್ತಿಯ ಸೊಗಸು. ಇದಕ್ಕೊಂದು ಕಹಿಯೂ ಉಂಟು. ಚಿತ್ರಕ್ಕಾಗಿ ಮಾಡಿದ ಅನ್ನವನ್ನು ಅನ್ನವಾಗಿ ಉಳಿಸದ ಹಲವು ಉಪಾಯಗಳು ಜಗತ್ತಿನಾದ್ಯಂತ ಬಳಕೆಯಲ್ಲಿದ್ದವು. ಕೆಲವೆಡೆ ಇನ್ನೂ ಇವೆ. ಹಾಲಿನ ಬದಲು ಬಿಳಿ ಅಂಟು, ಕೆನೆಯ ಬದಲು ಗಡ್ಡಕ್ಕೆ ಹಚ್ಚುವ ನೊರೆ, ಪಾಕದ ಬದಲು ಎಂಜಿನ್ ಎಣ್ಣೆ, ಇಬ್ಬನಿಯ ಬದಲು ಗ್ಲಿಸರಿನ್. ಅಮೆರಿಕದ ಕ್ಯಾಂಪ್‌ಬೆಲ್ ಎಂಬ ಪ್ರಖ್ಯಾತ ಸೂಪ್ ಕಂಪನಿಯ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿಗಳನ್ನು ಹಾಕಿ, ತರಕಾರಿಯ ಹೋಳುಗಳು ಮೇಲೆ ಕಾಣುವಂತೆ ಮಾಡಿದ್ದರು. ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಪ್ರಶ್ನಿಸಿತು. 1970ರಲ್ಲಿ ಕಂಪನಿ ಆ ಪದ್ಧತಿಯನ್ನು ಕೈಬಿಡಲು ಒಪ್ಪಬೇಕಾಯಿತು. ನಮ್ಮ ದೇಶದಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಮೇರೆಗೆ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ನಮಗಾದರೋ ಕಾನೂನಿಗಿಂತ ಮೊದಲೇ ಮನೆಯಲ್ಲಿ ಒಂದು ಕಟ್ಟಳೆ ಹುಟ್ಟಿತ್ತು. ವೃತ್ತಿಯ ಆರಂಭದ ದಿನಗಳಲ್ಲಿ ನಡುಮನೆಯೇ ನಮ್ಮ ಸ್ಟುಡಿಯೋ. ಮೇಜಿನ ತುಂಬ ಭಕ್ಷ್ಯಗಳನ್ನು ಹರಡಿಕೊಂಡು ದೀಪ ಹೊಂದಿಸುತ್ತಿದ್ದಾಗ ಮೂಲೆಯಲ್ಲಿ ಕುಳಿತಿದ್ದ ಅವ್ವ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಒಂದೇ ಮಾತು ಕೇಳಿದಳು: "ಇಷ್ಟೆಲ್ಲಾ ಮಾಡೀರಿ, ಉಣ್ಣಾವ್ರು ಯಾರು?" ಪ್ರಸಾದದ ಒಂದು ಅಗುಳನ್ನೂ ತಟ್ಟೆಯಲ್ಲಿ ಬಿಡದೆ ಬೆಳೆದ ಜೀವ ಅದು. ಆ ಪ್ರಶ್ನೆಗೆ ಉತ್ತರವಾಗಿ ಮೂರು ನಿಯಮಗಳನ್ನು ಹಾಕಿಕೊಂಡೆವು. ತಿನ್ನಬಾರದ ವಸ್ತು ತಟ್ಟೆಯ ಮೇಲೆ ಬರಕೂಡದು. ಚಿತ್ರಕ್ಕೆ ಬೇಕಾದಷ್ಟೇ ಅಳತೆಯಲ್ಲಿ ಅಡುಗೆಯಾಗಬೇಕು. ಚಿತ್ರ ಮುಗಿದ ಕೂಡಲೇ, ಎರಡು ಗಂಟೆ ಮೀರುವ ಮೊದಲೇ, ನಾವೂ ನಮ್ಮ ಸಹಾಯಕರೂ ನೆರೆಯವರೂ ಕುಳಿತು ಉಣ್ಣಬೇಕು. ದೀಪದಡಿ ಹೆಚ್ಚು ಹೊತ್ತು ಇದ್ದ ಅಡುಗೆ ಕೆಡುವ ಭಯವಿರುವುದರಿಂದ ಅಂಥದನ್ನು ಬಡವರಿಗೆ ಕೊಟ್ಟು ಪುಣ್ಯವೆಂದುಕೊಳ್ಳುವುದು ಸಲ್ಲದು.

ನಿಯಮ ಹಾಕಿಕೊಳ್ಳುವುದು ಸುಲಭ. ಅದು ಬೆಲೆ ಕೇಳುವ ದಿನ ಬಂದೇ ಬರುತ್ತದೆ. ಚಳಿಗಾಲದ ಒಂದು ದಿನ ದೊಡ್ಡ ಜಾಹೀರಾತು ಸಂಸ್ಥೆಯೊಂದರ ಪ್ರತಿನಿಧಿಗಳು ಹೋಳಿಗೆಯ ಚಿತ್ರಕ್ಕಾಗಿ ಬಂದರು. ವರ್ಷಪೂರ್ತಿ ಕೆಲಸ ಸಿಗುವ ಒಪ್ಪಂದ. ತುಪ್ಪ ಹೆಪ್ಪುಗಟ್ಟಿ ಹೊಳಪು ಹೋಗುತ್ತಿದ್ದುದರಿಂದ ಅವರು ಚೀಲದಿಂದ ಎಂಜಿನ್ ಎಣ್ಣೆಯ ಡಬ್ಬಿ ತೆಗೆದು, "ಇದನ್ನ ಹಾಕ್ರಿ, ದಿನವೆಲ್ಲಾ ಹೊಳೀತದ" ಎಂದರು. ನಾವು ತುಪ್ಪದ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಕೊನೆಯ ಗಳಿಗೆಗೆ ಚಮಚದಿಂದ ಇಳಿಬಿಟ್ಟು, ಹಿಂದಿನಿಂದ ತಗ್ಗಿದ ಬೆಳಕು ಕೊಟ್ಟು ತೋರಿಸಿದೆವು. ಹೊಳಪು ಬಂತು, ಆದರೆ ಪ್ರತಿ ಬಾರಿಯೂ ಹೊಸದಾಗಿ ಮಾಡಬೇಕು, ಸಮಯ ಹಿಡಿಯುತ್ತದೆ. ಅವರಿಗೆ ಅಷ್ಟು ವ್ಯವಧಾನವಿರಲಿಲ್ಲ. ಬೇಯಿಸಿದ ಹೋಳಿಗೆಯ ಮೇಲೆ ಗಾಡಿಯ ಎಣ್ಣೆ ಸುರಿಯಲು ನಮಗೆ ಕೈ ಬರಲಿಲ್ಲ. ಅವರು ಡಬ್ಬಿ ಎತ್ತಿಕೊಂಡು ಹೊರಟರು.

ಅದು ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾಗಿದ್ದ ವರ್ಷ. ಆ ರಾತ್ರಿ ನಮ್ಮಿಬ್ಬರ ನಡುವೆ ಮಾತು ಕಡಿಮೆಯಿತ್ತು. ಒಬ್ಬರ ಮನಸ್ಸಿನಲ್ಲಿ 'ಒಂದು ಸಲ ಒಪ್ಪಬಹುದಿತ್ತೇ' ಎಂಬ ಅಳುಕು ಸುಳಿಯಿತು. ಇನ್ನೊಬ್ಬರು ಅದನ್ನು ಕೇಳದೆಯೇ ತಿಳಿದುಕೊಂಡರು. ಉಳಿದ ಹೋಳಿಗೆಗಳನ್ನು ಓಣಿಯ ಮಕ್ಕಳಿಗೆ ಆಗಲೇ ಹಂಚಿಯಾಗಿತ್ತು. ಮುಂದಿನ ಹಲವು ತಿಂಗಳು ಮದುವೆಯ ಚಿತ್ರ, ಪಾಸ್‌ಪೋರ್ಟ್ ಅಳತೆಯ ಚಿತ್ರ ತೆಗೆದು ಸಂಸಾರ ಸಾಗಿಸಿದೆವು. ಶುಲ್ಕಕ್ಕಾಗಿ ಒಂದು ಲೆನ್ಸ್ ಮಾರಿದೆವು. ಆ ಸಂಸ್ಥೆಯ ಕೆಲಸ ಮರಳಿ ಬರಲೇ ಇಲ್ಲ. ಒಳ್ಳೆಯದನ್ನು ಮಾಡಿದವರಿಗೆ ಕೂಡಲೇ ಫಲ ದೊರೆಯಿತೆಂದು ಹೇಳಿದರೆ ಅದು ಕಥೆಯಾದೀತೇ ಹೊರತು ನಮ್ಮ ಬದುಕಿನ ವೃತ್ತಾಂತವಾಗದು. ಆದರೆ ಅವ್ವನ ಪ್ರಶ್ನೆಗೆ ತಲೆಯೆತ್ತಿ ಉತ್ತರ ಹೇಳುವ ಸ್ಥಿತಿ ಉಳಿಯಿತು.

ಹಳ್ಳಿಗಳಲ್ಲಿ ಕಲಿತ ಪಾಠ ಇನ್ನೊಂದು ಬಗೆಯದು. ಗದಗ ಸೀಮೆಯ ಒಂದು ಊರಿನಲ್ಲಿ ರೊಟ್ಟಿ ಬಡಿಯುವ ಅಜ್ಜಿಯ ಕೈಗಳ ಚಿತ್ರ ತೆಗೆಯಲು ಹೋಗಿದ್ದೆವು. ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ನೇರ ಕೊಣಮಿಗೆಯ ಮೇಲೆ ಬಿದ್ದಿತ್ತು; ಹಾರುವ ಹಿಟ್ಟಿನ ಕಣಗಳು ಚಿನ್ನದಂತೆ ಹೊಳೆಯುತ್ತಿದ್ದವು. ಅಜ್ಜಿ ಒಪ್ಪಲಿಲ್ಲ. "ಮನಿಗೆ ಬಂದವ್ರನ್ನ ಉಪಾಸ ನಿಂದ್ರಿಸಿ ನಾ ಫೋಟೋಕ್ಕ ಕೂಡಂಗಿಲ್ರಿ. ಮೊದಲ ಎರಡು ರೊಟ್ಟಿ ತಿನ್ರಿ." ಬಿಸಿರೊಟ್ಟಿ, ಬೆಣ್ಣೆ, ಪುಂಡಿಪಲ್ಯ ಬಂದವು. ನಾವು ಉಂಡು ಕೈ ತೊಳೆಯುವಷ್ಟರಲ್ಲಿ ಬಿಸಿಲಿನ ಕೋಲು ಗೋಡೆಗೆ ಸರಿದಿತ್ತು. ಮರುದಿನ ಮತ್ತೆ ಹೋದೆವು, ಮತ್ತೆ ಮೊದಲು ಉಂಡೆವು, ಈ ಸಲ ಒಂದು ಗಂಟೆ ಮುಂಚಿತವಾಗಿ! ಅಂದಿನ ಚಿತ್ರ ಇಂದಿಗೂ ನಮ್ಮ ಮನೆಯ ಗೋಡೆಯ ಮೇಲಿದೆ.

ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹವನ್ನು ಕಂಡವರಿಗೆ ಆ ರೊಟ್ಟಿಯ ರಾಶಿಯನ್ನು ವರ್ಣಿಸಬೇಕಾಗಿಲ್ಲ. ಸುತ್ತಲಿನ ಹಳ್ಳಿಗಳ ತಾಯಂದಿರು ಮನೆಮನೆಯಲ್ಲಿ ಬಡಿದ ಜೋಳದ ರೊಟ್ಟಿಗಳು ಲಕ್ಷಗಟ್ಟಲೆ ಬಂದು ಬೀಳುತ್ತವೆ, ಜೊತೆಗೆ ಮಾದಲಿ. ಅಭ್ಯಾಸಬಲದಿಂದ ನಮ್ಮ ಕಣ್ಣುಗಳು ಆ ರಾಶಿಯಲ್ಲಿಯೂ ದುಂಡಗಿನ, ಅಂಚು ಒಡೆಯದ ಹೀರೋ ರೊಟ್ಟಿಯೊಂದನ್ನು ಹುಡುಕತೊಡಗಿದವು. ಸ್ವಲ್ಪ ಹೊತ್ತಿನಲ್ಲಿಯೇ ಆ ಹುಡುಕಾಟದ ಅರ್ಥಹೀನತೆ ತಿಳಿಯಿತು. ಒಂದೊಂದು ರೊಟ್ಟಿ ಒಂದೊಂದು ಕೈಯದು. ಒಂದು ದಪ್ಪ, ಒಂದು ತೆಳು, ಒಂದರ ಅಂಚು ಮುರಿದಿದೆ. ಪಂಕ್ತಿಯಲ್ಲಿ ಮಾತ್ರ ಎಲ್ಲಕ್ಕೂ ಸಮಾನ ಸ್ಥಾನ. ಮುರಿದ ಅಂಚುಗಳನ್ನು ಮರೆಮಾಡದೆ ಇಡೀ ರಾಶಿಯ ಚಿತ್ರ ತೆಗೆದೆವು.

ಆಯ್ದಕ್ಕಿ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರಲು ಕಳುಹಿಸಿದ ಪ್ರಸಂಗ ಪ್ರತಿ ಮನೆಯಲ್ಲಿಯೂ ಗೊತ್ತು. ಅಳತೆ ಮೀರಿದ ಅನ್ನವೂ ಭಾರವೆಂದು ಆ ದಂಪತಿಗಳು ತಿಳಿದಿದ್ದರು. ನಮ್ಮಂಥ ವೃತ್ತಿಯವರಿಗೆ ಅದಕ್ಕಿಂತ ಹತ್ತಿರದ ಮಾದರಿ ಬೇರೊಂದಿಲ್ಲ.

2010ರಲ್ಲಿ ಇನ್‌ಸ್ಟಾಗ್ರಾಂ ಬಂದ ಮೇಲೆ, ಮೊಬೈಲ್ ಫೋನುಗಳು ಮನೆಮನೆಗೆ ತಲುಪಿದ ಮೇಲೆ ಎಲ್ಲರೂ ಅನ್ನದ ಛಾಯಾಗ್ರಾಹಕರೇ. ಇದರಿಂದ ನಮ್ಮ ಹೊಟ್ಟೆಯ ಮೇಲೆ ಕಲ್ಲು ಬಿತ್ತೆಂದು ನಾವು ದೂರುವುದಿಲ್ಲ. ಮಕ್ಕಳು ತಟ್ಟೆಯ ಚಿತ್ರ ತೆಗೆಯುತ್ತಿದ್ದರೆ ಗದರಿಸಬೇಡಿರಿ. ಫ್ಲ್ಯಾಷ್ ಆರಿಸಿ ಕಿಟಕಿಯ ಬಳಿ ಕೂರಲು ಹೇಳಿರಿ. ಮನೆಯ ಹಿರಿಯರಿಗೆ ಬಡಿಸಿದ ಮೇಲೆ ಚಿತ್ರ ತೆಗೆಯಲಿ, ಆರುವ ಮೊದಲು ಉಣ್ಣಲಿ. ಇನ್ನೊಂದು ಕೆಲಸವನ್ನು ತಪ್ಪದೆ ಮಾಡಿಸಿರಿ. ತಟ್ಟೆಯ ಜೊತೆಗೆ ಅದನ್ನು ಸಿದ್ಧಪಡಿಸಿದ ಅಜ್ಜಿಯ, ಅವ್ವನ ಕೈಗಳ ಚಿತ್ರವನ್ನೂ ತೆಗೆದಿಡಲಿ. ಅವರ ಹಿಡಿಯಳತೆ, ಚಿಟಿಕೆಯಳತೆಗಳನ್ನು ಕೇಳಿ ಬರೆದಿಡಲಿ. ನಮ್ಮ ಅವ್ವನ ಮುಖದ ಚಿತ್ರಗಳು ನಮ್ಮಲ್ಲಿ ಅನೇಕವಿವೆ. ಕಡುಬು ಒತ್ತುವ ಆಕೆಯ ಬೆರಳುಗಳದು ಇರುವುದು ಒಂದೇ ಒಂದು. ಹಬ್ಬದ ದಿನ ಎಲ್ಲರೂ ಮೊದಲು ಕೇಳಿ ನೋಡುವುದು ಅದನ್ನೇ.