ಒಂದು ‘ಬಟ್’ ಸಾಕು

‘ಮಳೆ ಬಂದರೂ ಹೋದೆ’ ಅಂತೀವಿ. ಬಾಲದಲ್ಲಿರೋ ಆ ‘ಊ’ ಒಂದೇ ಸಾಕು, ನಡುವೆ ‘ಆದರೆ’ ತುರುಕಲ್ಲ. ಇಂಗ್ಲಿಷೂ ಅಷ್ಟೇ: ‘ಆಲ್ದೋ’ ಇದ್ದಲ್ಲಿ ‘ಬಟ್’ ಬೇಡ. ಶಾಲೇಲಿ ಬಾಯಿಪಾಠ ಮಾಡಿಸಿದ ‘ದೋ–ಯೆಟ್’ ಜೋಡಿ ರೆನ್ ಅಂಡ್ ಮಾರ್ಟಿನ್‌ನಲ್ಲೂ ಇದೆ, ತಪ್ಪಲ್ಲ. ‘ಯೆಟ್’ ಜಾಗದಲ್ಲಿ ‘ಬಟ್’ ಬಂದು ಕೂತರೆ ಮಾತ್ರ ಕೆಡುತ್ತೆ.

ನಮ್ಮ ಟೀಮಿನ ಹೊಸ ಹುಡುಗಿ ರಾತ್ರಿಯಿಡೀ ಕೂತು ಸರ್ವರ್ ಸರಿಮಾಡಿ, ಕ್ಲೈಂಟಿಗೆ ‘ಆಲ್ದೋ... ಬಟ್’ ಅಂತ ಮೇಲ್ ಹಾಕಿದ್ಲು. ಸೀನಿಯರ್ ಒಬ್ಬರು ಮೀಟಿಂಗಲ್ಲಿ ಅದನ್ನ ಜೋರಾಗಿ ಓದಿ ನಕ್ಕರು. (‘ಡಿಸ್ಪೈಟ್ ಆಫ್’ ಅಂತ ಬರೆಯೋ ಪುಣ್ಯಾತ್ಮರು!) ಆಮೇಲೆ ಆಕೆ ಮೀಟಿಂಗಲ್ಲಿ ಬಾಯೇ ಬಿಡಲಿಲ್ಲ.

ಕಾಫಿಗೆ ಕರೆದು ಹೇಳಿದೆ: ‘ಆಲ್ದೋ ತೆಗಿ, ಬಟ್ ಇಟ್ಕೋ. ಬಟ್ ಆದ್ಮೇಲೆ ಬರೋದೇ ಜನರ ನೆನಪಲ್ಲಿ ಉಳಿಯೋದು. ಸರ್ವರ್ ಬಿದ್ದಿದ್ದು ಮೊದಲು ಬರಲಿ, ನೀನು ಎಬ್ಬಿಸಿದ್ದು ಆಮೇಲೆ.’

‘ಅದಕ್ಕೇನಾ ಮೇಡಂ, ಅಪ್ರೈಸಲ್‌ನಲ್ಲಿ ಹೊಗಳಿಕೆ ಮೊದಲು ಬರೋದು?’ ಅಂದಳು.