ಯಾವ ಡಿಸ್ಕಿಗೆ ಹಾಕ್ಲಿ, ಕಾಕಾ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸೇವೆ ಮುಗಿಯಿತು. ಅದರ ಬಿಸಿ ಮಾಳಮಡ್ಡಿಯ ನಮ್ಮ ಓಣಿಗೂ ತಟ್ಟಿತು. ಕಾಕಾನ ಕಂಪ್ಯೂಟರು ವಿಂಡೋಸ್ 11ರ ಲೆಕ್ಕದಲ್ಲಿ ಮುದುಕ, ಕಾಕಾನ ಲೆಕ್ಕದಲ್ಲಿ ಗಟ್ಟಿಮುಟ್ಟು. "ಒಂದ ದಿನಾನೂ ಕೈಕೊಟ್ಟಿಲ್ಲ, ಎದಕ್ಕ ಒಗೀಬೇಕು?" ಎಂದರು. 240 ಜಿಬಿಯ ಹೊಸ ಎಸ್‌ಎಸ್‌ಡಿ ತರಿಸಿದರು. ಅದಕ್ಕೆ ಉಬುಂಟು ಲಿನಕ್ಸ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಹಳೆಯ 500 ಜಿಬಿ ಹಾರ್ಡ್ ಡಿಸ್ಕ್ ಮಾತ್ರ ಮುಟ್ಟಕೂಡದು. ಅದರೊಳಗೆ ಮೊಮ್ಮಗನ ಮುಂಜಿವಿ ಫೋಟೋ, ಮಠದ ಪ್ರವಚನದ ರೆಕಾರ್ಡಿಂಗು, ಓಣಿಯವರಿಗಾಗಿ 'ನುಡಿ' ತಂತ್ರಾಂಶದಲ್ಲಿ ಟೈಪು ಮಾಡಿಕೊಟ್ಟ ಅರ್ಜಿಗಳು. ನಳದ ನೀರಿನ ಬಗ್ಗೆ ಬರೆದವೇ ಹೆಚ್ಚು.

ತೊಂಬತ್ತರ ದಶಕದಲ್ಲಿ ನಾನು ಕಂಪ್ಯೂಟರ್ ಕ್ಲಾಸಿಗೆ ಹೋಗುವಾಗ ತಪ್ಪು ಡಿಸ್ಕ್ ಆರಿಸಿ ಅಳಿಸಿಬಿಡುವ ಈ ಭಯವೇ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಹಾರ್ಡ್ ಡಿಸ್ಕೇ ಇಲ್ಲದ ಹಳೇ ಯಂತ್ರಗಳು. ಡಾಸ್ ಇದ್ದ ಫ್ಲಾಪಿಯನ್ನು ಎ ಡ್ರೈವಿಗೆ ತುರುಕಿದರೆ ಯಂತ್ರ ಏಳುತ್ತಿತ್ತು, ನಮ್ಮ ಕೆಲಸವೆಲ್ಲ ಬಿ ಡ್ರೈವಿನಲ್ಲಿ. 1981ರ ಐಬಿಎಂ ಪಿಸಿಯ ಕಾಲದ ಪದ್ಧತಿ ಅದು. 1983ರಲ್ಲಿ ಪಿಸಿ ಎಕ್ಸ್‌ಟಿ 10 ಎಂಬಿಯ ಹಾರ್ಡ್ ಡಿಸ್ಕ್ ಹೊತ್ತು ಬಂದಾಗ ಎ, ಬಿ ಎರಡೂ ಫ್ಲಾಪಿಗೆ ಮೀಸಲಾಗಿದ್ದವು. ಹಾರ್ಡ್ ಡಿಸ್ಕಿಗೆ ಸಿ ಸಿಕ್ಕಿತು. ಫ್ಲಾಪಿ ಹೋಗಿ ಎಷ್ಟೋ ಕಾಲವಾದರೂ ಸಿ ಬಡ್ತಿ ಪಡೆದಿಲ್ಲ. ಆ ಫ್ಲಾಪಿ ಕಾಲದಲ್ಲಿ ಆಪರೇಟಿಂಗ್ ಸಿಸ್ಟಮ್ ಕೈಯಲ್ಲೇ ಇರುತ್ತಿತ್ತು, ಮೇಲೆ ಪೆನ್ನಿನಲ್ಲಿ ಹೆಸರು. ಫ್ಲಾಪಿಯ ಅಂಚಿನ ಕಚ್ಚಿಗೊಂದು ಪಟ್ಟಿ ಅಂಟಿಸಿದರೆ ಅದರ ಮೇಲೆ ಯಾರೂ ಬರೆಯುವಂತಿರಲಿಲ್ಲ.

ಲಿನಕ್ಸಿನಲ್ಲಿ ಸಿ ಇಲ್ಲ. ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ. ಮಠದ ಪಂಕ್ತಿಯ ಹಾಗೆ, ಬಂದವರು ಬಂದಂತೆ ಕೂಡ್ರುತ್ತಾರೆ, ಪೆನ್ ಡ್ರೈವ್ ಕೂಡ. ಇವತ್ತಿನ ಎಸ್‌ಡಿಎ ನಾಳೆಯೂ ಅದೇ ಆಗಿರುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ಗುರುತು ಹಿಡಿಯಬೇಕಾದ್ದು ಗಾತ್ರದಿಂದ, ಮಾಡೆಲ್ ನಂಬರಿನಿಂದ.

ಗಾತ್ರದ ಮಾತು ಬಂದದ್ದೇ ತಡ, ಕಾಕಾ ಹಳೆಯ ದೂರು ತೆಗೆದರು: "500 ಅಂತ ಕೊಟ್ಟಾರ, ವಿಂಡೋಸಿನ್ಯಾಗ 465 ತೋರಸ್ತಿತ್ತು. ಉಳದದ್ದು ಯಾರು ನುಂಗಿದ್ರು?" ಯಾರೂ ನುಂಗಿಲ್ಲ. ತಯಾರಕರ ಗಿಗಾ ಎಂದರೆ ನೂರು ಕೋಟಿ. ವಿಂಡೋಸಿನದು 1024ನ್ನು ಮೂರು ಸಲ ಗುಣಿಸಿದ್ದು, 107 ಕೋಟಿಗೂ ಮೇಲೆ. ಬ್ಯಾಂಕಿನಲ್ಲಿ ಬಾಳೆಲ್ಲ ಲೆಕ್ಕ ಬರೆದ ಕಾಕಾ ಇದನ್ನು ಒಪ್ಪಲೇ ಇಲ್ಲ.

ಎರಡು ಡಿಸ್ಕೂ ಒಂದೇ ಅಳತೆಯವಾದರೆ ಗಾತ್ರ ನೋಡುವ ಉಪಾಯವೂ ಸಾಲದು. ಸರಿಯಾದ ಡಿಸ್ಕನ್ನೇ ಆರಿಸಿದರೂ ಬೂಟ್ ಲೋಡರು ಕೆಲವೊಮ್ಮೆ ಹಳೆಯದರ ಮೇಲೆ ಹೋಗಿ ಕೂಡುತ್ತದೆ. ನಾನು ಕ್ಯಾಬಿನೆಟ್ ಬಿಚ್ಚಿ ಹಳೆಯ ಡಿಸ್ಕಿನ ಸಾಟಾ ಕೇಬಲ್ಲನ್ನೇ ಕಿತ್ತಿಟ್ಟೆ. ಇಲ್ಲದ ಡಿಸ್ಕನ್ನು ಯಾರು ಅಳಿಸುತ್ತಾರೆ? "ಇಷ್ಟ ಏನು!" ಎಂದು ಕಾಕಾಗೆ ನಿರಾಸೆ.

ಕೆಲಸ ಮುಗಿಸಿ ಕೇಬಲ್ ಮತ್ತೆ ಸಿಕ್ಕಿಸಿದಾಗ ಎಲ್ಲವೂ ಇತ್ತು, ಅರ್ಜಿಗಳು ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನುಡಿ ಫಾಂಟ್ ಹಾಕಿದ ಮೇಲೆ ನಳದ ನೀರು ಕನ್ನಡಕ್ಕೆ ಮರಳಿತು.

ಮನೆಯಲ್ಲಿ ಎರಡು ಡಿಸ್ಕಿನ ಕಂಪ್ಯೂಟರ್ ಇದ್ದವರು ದಯವಿಟ್ಟು ಮೊದಲು ಫೋಟೋಗಳ ಒಂದು ಪ್ರತಿ ಬೇರೆ ಕಡೆ ಇಡಿ, ಆಮೇಲೆ ಕೇಬಲ್ ತೆಗೆಯಿರಿ, ಆಮೇಲಷ್ಟೇ ಇನ್‌ಸ್ಟಾಲ್ ಒತ್ತಿ.